ಟೆನಿಸ್ ತಿಪ್ಪೇರುದ್ರಪ್ಪನ ಬರಿ ಕೊರಳು

ರಾರಾವಿಯ ಅಕ್ಕನಾಗಮ್ಮನಿಗೆ ಅನುಮಾನ ಹುಟ್ಟುಗುಣ. ಹಾಲಿನವಳು ನಕ್ಕರೆ ನೀರು ಬೆರೆಸಿದ್ದಾಳೆ, ನಗದಿದ್ದರೆ ಇನ್ನೂ ಹೆಚ್ಚು ಬೆರೆಸಿದ್ದಾಳೆ. ಇಂಥವಳ ಕಿರಿಯ ಮಗ ತಿಪ್ಪೇರುದ್ರಪ್ಪ ಹೊಲವನ್ನು ಅಣ್ಣನಿಗೆ ಬಿಟ್ಟು ಬಳ್ಳಾರಿ ಸೇರಿದ್ದ. ಕ್ಲಬ್ಬಿನ ಸಾಹೇಬರಿಗೆ ಟೆನಿಸ್ ಕಲಿಸುತ್ತ, ಮದರಾಸು, ಹೈದರಾಬಾದಿನಲ್ಲಿ ಪಂದ್ಯ ಆಡುತ್ತ ಸಂಸಾರ ಸಾಗಿಸುತ್ತಿದ್ದ. ಆಟ ಆಡಿದವನಿಗೆ ಸಂಬಳ ಕೊಡುತ್ತಾರೆ ಎಂಬುದನ್ನೇ ಅವಳು ನಂಬಿರಲಿಲ್ಲ.

ಅರವತ್ತೇಳರ ಬೇಸಿಗೆಯಲ್ಲಿ ಅವಳ ತವರಿನ ಅಣ್ಣನ ಮಗ ಗಾದಿಲಿಂಗಪ್ಪ ಬಳ್ಳಾರಿಯಿಂದ ಬಂದವನೇ ಕಟ್ಟೆಯ ಮೇಲೆ ಕೂತು ಹೇಳಿದ: "ತಿಪ್ಪಣ್ಣ ಆಡೋದು ನೋಡಿ ಬಂದೆ ಅತ್ತಿ. ಅಂಗಿ ಗುಂಡಿ ಬಿಚ್ಚಿದ್ದ. ಕೊಳ್ಳಾಗ ಲಿಂಗ ಇರಲಿಲ್ಲ."

ಅಕ್ಕನಾಗಮ್ಮ ಕೈಲಿದ್ದ ಮೊರ ಕೆಳಗಿಟ್ಟಳು. ದೀಕ್ಷೆಯಾದ ಮೇಲೆ ಲಿಂಗ ಮೈ ಬಿಟ್ಟು ಇರಬಾರದು. ಲಿಂಗವಿಲ್ಲದ ಬಾಯಿಗೆ ಹನಿ ನೀರೂ ಸಲ್ಲದು. ಬಿಟ್ಟದ್ದು ನಿಜವಾದರೆ ಮಗ ಮನೆತನದ ಪಂಕ್ತಿಯಲ್ಲಿ ಕೂರುವಂತಿಲ್ಲ, ಅವಳು ಅವನ ಮನೆಯಲ್ಲಿ ಉಣ್ಣುವಂತಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕೆಂದು ರೊಟ್ಟಿಯ ಗಂಟು ಕಟ್ಟಿಕೊಂಡು ಸಿರುಗುಪ್ಪಕ್ಕೆ ಬಂದು ಬಳ್ಳಾರಿ ಬಸ್ಸು ಹತ್ತಿದಳು.

ಪಾರ್ವತಿನಗರದ ಮಗನ ಮನೆಯಲ್ಲಿ ಹೊಟ್ಟೆ ಸರಿಯಿಲ್ಲವೆಂದು ನೆಪ ಹೇಳಿ ತನ್ನ ರೊಟ್ಟಿಯನ್ನೇ ಮುರಿದಳು. ಮಗ ಕಾಲಿಗೆ ಬಿದ್ದಾಗ ಬಗ್ಗಿ ಬಾಯಿ ಮೂಸಿದಳು. ಹೆಂಡದ ವಾಸನೆ ಇರಲಿಲ್ಲ. ಮೊದಲೇ ಮಾತು ಕಡಿಮೆಯವನು, ಎರಡು ಮಾತಾಡಿ ಮಲಗಲು ಹೋದ. ಬೆಳಿಗ್ಗೆ ಮಿಂದು, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತ. ತನಗೆ ತೋರಿಸಲಿಕ್ಕೇ ಕೂತಿದ್ದಾನೆ ಎಂದುಕೊಂಡಳು. ಸೊಸೆ ಚನ್ನವೀರಮ್ಮನನ್ನು ಕೆದಕಿದರೆ, "ಅದನ್ನ ಅವರನ್ನೇ ಕೇಳ್ರಿ ಅತ್ತಿ" ಎಂದು ಒಳಗೆ ಸರಿದಳು. ಗಂಡ ಹೆಂಡಿರಿಬ್ಬರೂ ಸೇರಿದ್ದಾರೆ, ಸಂಶಯವೇ ಇಲ್ಲ.

ಸಂಜೆ ಕ್ಲಬ್ಬಿನ ಬೇಲಿಗೆ ಹೋಗಿ ನಿಂತಳು. ಅಂಗಳಕ್ಕೆ ನೀರು ಹೊಡೆಯುವ ಅಂಜಿನಪ್ಪ ಗುರುತು ಹಿಡಿದು ಮಾತಿಗೆ ಬಂದ.

"ನಿಮ್ಮ ಮಗಂದು ಬಾಳ ಹಟ ಅವ್ವಾರ. ಇಂಥಾ ಬಿಸಿಲಾಗೂ ಆಟ ಮುಗಿಸಿ ಮನಿಗೆ ಹೋಗೋತನ ನೀರು ಮುಟ್ಟಂಗಿಲ್ಲ. ಮದರಾಸಿನ್ಯಾಗ ಗೆಲ್ಲೋ ಆಟದಾಗ ನಾಲಿಗಿ ಒಣಗಿ ಬಿದ್ದನಂತ."

ಅಕ್ಕನಾಗಮ್ಮ ಬೇಲಿಯ ಗೂಟ ಹಿಡಿದುಕೊಂಡಳು. ಲಿಂಗ ತೆಗೆಯುತ್ತಾನೆ, ನಿಜ. ತೆಗೆದಾಗ ನೀರು ಕುಡಿಯುವುದಿಲ್ಲ, ಅದೂ ನಿಜ. ಗಾದಿಲಿಂಗಪ್ಪ ಕೊರಳನ್ನು ನೋಡಿದ್ದ, ಒಣಗಿದ ತುಟಿಯನ್ನು ನೋಡಿರಲಿಲ್ಲ.

ಮನೆಗೆ ಬಂದ ಮಗನನ್ನು ಎದುರಿಗೆ ಕೂರಿಸಿಕೊಂಡಳು.

"ತೆಗೀತಿ ಹೌದಲ್ಲೋ?"

ಅವನು ತಲೆ ತಗ್ಗಿಸಿದ. "ಒಂದ್ಸಲ ಹಾರಿ ಹೊಡಿಯೋವಾಗ ದಾರ ಹರೀತು ಯವ್ವಾ. ನೆಲಕ್ಕ ಬೀಳೋದ್ರಾಗ ಹಿಡಕೊಂಡೆ. ಆವತ್ತಿಂದ ಆಡಾಕ ಹೋಗೋವಾಗ ದೇವರ ಜಗಲಿ ಮ್ಯಾಲೆ, ಪರಊರಾದ್ರ ಇಳಕೊಂಡ ಕಡೆ, ತೆಗೆದಿಟ್ಟು ಹೋಗ್ತೀನಿ."

"ನೀರು?"

"ಅದು ಮೈಮ್ಯಾಲೆ ಇಲ್ಲದಾಗ ಹೆಂಗ ಕುಡೀಲಿ?"

ಇಂಥವನ ಬಾಯಿ ಮೂಸಿದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಸೀರೆಯ ಅಂಚು ಹರಿದು, ವಸ್ತ್ರದಲ್ಲಿ ಸುತ್ತಿದ ಲಿಂಗವನ್ನು ಅವನ ಎಡರಟ್ಟೆಗೆ ಬಿಗಿದು ಕಟ್ಟಿದಳು.

"ನಿಮ್ಮಪ್ಪ ಹೊಲದಾಗ ಗಳೇ ಹೊಡಿಯೋವಾಗ ಹಿಂಗ ಕಟ್ಟಿಕೊಳ್ತಿದ್ದ. ನನ್ನ ಕೇಳಿದ್ರ ಅವತ್ತೇ ಹೇಳ್ತಿದ್ನಲ್ಲೋ." ಆಮೇಲೆ ಒಳಕ್ಕೆ ಕೂಗಿ ಹೇಳಿದಳು: "ಚನ್ನವೀರಮ್ಮಾ, ನನಗೂ ಬಡಸು."

ಮರುದಿನ ಚೊಂಬಿನಲ್ಲಿ ನೀರು ತಂದು ಬೇಲಿಯ ಹತ್ತಿರ ನಿಂತಳು. ಆಟದ ನಡುವೆ ತಿಪ್ಪೇರುದ್ರಪ್ಪ ಓಡಿಬಂದು ಕೈ ಚಾಚಿದ. ಹುಟ್ಟುಗುಣ ಸುಟ್ಟರೂ ಹೋಗದು. ಅಂಗಿಯ ತೋಳಿನ ಮೇಲಿಂದ ಗಂಟು ಮುಟ್ಟಿ ನೋಡಿಯೇ ಅವಳು ಚೊಂಬು ಕೊಟ್ಟಳು. ಅವನು ಒಂದೇ ಉಸಿರಿಗೆ ಅರ್ಧ ಖಾಲಿ ಮಾಡಿದ.