ತಣ್ಣನೆಯ ಫರ್ನೇಸೂ ತೆಕ್ಲಾಳ ಪಾಸ್ಕಾ ರೊಟ್ಟಿಯೂ

ತೆಕ್ಲಾ ತನ್ನ ಜೀವಮಾನದಲ್ಲಿ ಪಿಸುಮಾತಿನಲ್ಲಿ ಬೈದದ್ದು ಒಂದೇ ದಿನ. ಕೊರೆವ ಚಳಿಯ ಊರು ವಿನಿಪೆಗ್ಗಿನ ಉತ್ತರದ ಕೇರಿಯಲ್ಲಿ ಆಕೆಯ ಗಂಟಲನ್ನು ಅರಿಯದವರಿಲ್ಲ. ಉಕ್ರೇನಿನಿಂದ ಬಂದ ಅಜ್ಜಿ ಅವಳಿಗೆ ಬಿಟ್ಟುಹೋದ ಆಸ್ತಿ ಎರಡೇ: ಆ ಗಂಟಲು, ಮತ್ತು ಈಸ್ಟರ್ ಹಬ್ಬದ ಪಾಸ್ಕಾ ರೊಟ್ಟಿಯ ಕೈಗುಣ.

ನಲವತ್ತೊಂದು ವರ್ಷಗಳಿಂದ ಚರ್ಚಿನ ಮೇಜಿನ ನಟ್ಟನಡುವೆ ಗೋಪುರದಂತೆ ನಿಲ್ಲುವ ದೊಡ್ಡ ಪಾಸ್ಕಾ ಅವಳದೇ. ಅದು ಉಬ್ಬಿ ನೆಟ್ಟಗೆ ನಿಂತರೆ ಮನೆಗೆ ವರ್ಷವೆಲ್ಲ ಒಳ್ಳೆಯದು, ಕುಸಿದರೆ ಕೇಡು ಎಂದು ತೆಕ್ಲಾಳ ಗಟ್ಟಿ ನಂಬಿಕೆ. ಹಿಟ್ಟು ಉಬ್ಬುವ ಹೊತ್ತಿನಲ್ಲಿ ಯಾರೂ ಬಾಗಿಲು ಬಡಿಯಬಾರದು, ದನಿ ಎತ್ತಬಾರದು. ಗಂಡ ಒಸ್ತಾಪ್ ಸೀನಬೇಕಾದರೂ ಅಂಗಳಕ್ಕೆ ಓಡಬೇಕು.

ಹಿಟ್ಟು ಉಬ್ಬುತ್ತಿದ್ದದ್ದು ನೆಲಮಾಳಿಗೆಯಲ್ಲಿ. ಮನೆಯನ್ನೆಲ್ಲ ಬೆಚ್ಚಗಿಡಬೇಕಾದ ಹಳೆಯ ಗ್ಯಾಸ್ ಫರ್ನೇಸ್ ಅರ್ಧ ಬಿಸಿಯನ್ನು ತನ್ನ ಸುತ್ತಲೇ ಚೆಲ್ಲಿಕೊಂಡು ಕೂತಿರುತ್ತಿತ್ತು. ಪಕ್ಕದ ನೀರು ಕಾಯಿಸುವ ಹಂಡೆಯೂ ಅದೇ ಜಾತಿ. ಎರಡರ ನಡುವಿನ ಹಲಗೆಯ ಮೇಲೆ ಹಿಟ್ಟಿನ ಪಾತ್ರೆ ಇಟ್ಟರೆ ಎರಡು ಗಂಟೆಯಲ್ಲಿ ಅಂಚು ಮೀರುತ್ತಿತ್ತು. ಮಹಡಿಯ ಕೋಣೆಯಲ್ಲಿ ಮಾತ್ರ ಒಸ್ತಾಪ್ ಉಣ್ಣೆಯ ಟೋಪಿ ಹಾಕಿಕೊಂಡೇ ಮಲಗುತ್ತಿದ್ದ.

ಈ ಸಲ ಹಬ್ಬದ ವಾರದಲ್ಲೇ ಫರ್ನೇಸಿನ ಒಳಗೆ ಬಿರುಕು ಕಾಣಿಸಿತು. ವಿಷದ ಗಾಳಿ ಸೋರುತ್ತದೆಂದು ರಿಪೇರಿಯ ಫ್ರೀಸನ್ ಗ್ಯಾಸ್ ನಿಲ್ಲಿಸಿಯೇಬಿಟ್ಟ.

"ಹಬ್ಬ ಒಂದು ಮುಗೀಲಿ ಕಣಪ್ಪಾ" ಎಂದು ತೆಕ್ಲಾ ಗೋಗರೆದಳು.

"ಹಬ್ಬ ಮಾಡೋಕೆ ನೀವಿರಬೇಕಲ್ಲಮ್ಮಾ!"

ಗುರುವಾರ ಹೊಸ ಫರ್ನೇಸು, ಹೊಸ ಹಂಡೆ ಬಂದವು. ಕಡಿಮೆ ಗ್ಯಾಸಿನಲ್ಲಿ ಹೆಚ್ಚು ಬಿಸಿ ಕೊಡುವ ಜಾಣ ಯಂತ್ರಗಳು. ಶನಿವಾರ ನಸುಕಿನಲ್ಲಿ ತೆಕ್ಲಾ ನಲವತ್ತು ಮೊಟ್ಟೆಯ ಹಿಟ್ಟು ನಾದಿ, ಪಾತ್ರೆಯನ್ನು ಅದೇ ಹಲಗೆಯ ಮೇಲಿಟ್ಟು ಶಿಲುಬೆಯ ಗುರುತು ಹಾಕಿದಳು. ಎರಡು ಗಂಟೆ ಬಿಟ್ಟು ಬಟ್ಟೆ ಸರಿಸಿದರೆ ಹಿಟ್ಟು ಇಟ್ಟ ಹಾಗೇ ಬಿದ್ದಿತ್ತು. ಫರ್ನೇಸು ಮುಟ್ಟಿದಳು, ತಣ್ಣಗಿತ್ತು. ಹಂಡೆ ಮುಟ್ಟಿದಳು, ಅದೂ ತಣ್ಣಗಿತ್ತು. ನಾಳೆ ಬೆಳಗಾಗುವ ಮೊದಲೇ ಚರ್ಚಿನಲ್ಲಿ ರೊಟ್ಟಿಯ ಬುಟ್ಟಿಗಳಿಗೆ ತೀರ್ಥ ಚಿಮುಕಿಸುತ್ತಾರೆ.

ಕೆಲಸ ಸರಿಯಾಗಿದೆಯೇ ನೋಡಲು ಫ್ರೀಸನ್ ಬಂದದ್ದು ಆಗಲೇ. ಕೂಗುವಂತಿಲ್ಲ. ತೆಕ್ಲಾ ಅವನ ಅಂಗಿಯ ತೋಳು ಹಿಡಿದೆಳೆದು ಕಿವಿಯಲ್ಲಿ ಪಿಸುದನಿಯಲ್ಲೇ ಬೈದಳು:

"ಮನೆಹಾಳಾ! ಹೆಣದ ಥರ ತಣ್ಣಗಿರೋ ಒಲೆ ತಂದು ಇಟ್ಟಿದ್ದೀಯಲ್ಲೋ! ನಲವತ್ತೊಂದು ವರ್ಷದ ಮಾನ ಹೋಯ್ತು!"

ಫ್ರೀಸನ್ ಮೆನೊನೈಟ್ ಎಂಬ ಕ್ರೈಸ್ತ ಪಂಗಡದ ಮನೆಯವನು, ಅವನ ತಾಯಿಯೂ ಪಾಸ್ಕಾ ಮಾಡುವವಳೇ. ಹಿಟ್ಟಿಗೆ ಸದ್ದು ತಾಗದಿರಲೆಂದು ಬೂಟು ಬಾಗಿಲಲ್ಲೇ ಬಿಚ್ಚಿ ಬಂದಿದ್ದ. ಅವನೂ ಪಿಸುಗುಟ್ಟಿದ:

"ಅಮ್ಮಾ, ಇದು ಬಿಸೀನ ಇಲ್ಲಿ ಇಟ್ಕೊಳಲ್ಲ. ಎಲ್ಲಾ ಮೇಲಕ್ಕೆ ಕಳಿಸುತ್ತೆ."

"ಮೇಲಕ್ಕೆ ಅಂದ್ರೆ? ದೇವರ ಹತ್ರಕ್ಕಾ?"

"ಒಸ್ತಾಪಣ್ಣ ಎಲ್ಲಿ, ಕೇಳಿ ನೋಡಿ."

ಮೂವತ್ತು ವರ್ಷದಿಂದ ಬೆಳಕು ಹರಿಯುವ ಮುಂಚೆ ಚಳಿಗೆ ಎದ್ದು ಅಡುಗೆಮನೆಗೆ ಬರುತ್ತಿದ್ದ ಗಂಡ ಇವತ್ತು ಇನ್ನೂ ಇಳಿದಿಲ್ಲವೆಂಬುದು ತೆಕ್ಲಾಳಿಗೆ ಆಗ ಹೊಳೆಯಿತು. ಇಬ್ಬರೂ ತುದಿಗಾಲಲ್ಲಿ ಮೆಟ್ಟಿಲು ಹತ್ತಿದರು. ಒಸ್ತಾಪ್ ಬರಿಗಾಲಲ್ಲಿ, ಬೋಳುತಲೆ ಬಿಟ್ಟುಕೊಂಡು, ಹೊದಿಕೆ ಒದ್ದು, ಕೈಕಾಲು ಚೆಲ್ಲಿ ಮಲಗಿದ್ದ. ಹಾಸಿಗೆಯ ಪಕ್ಕದ ನೆಲದ ಜಾಲರಿಯಿಂದ ಬೆಚ್ಚನೆಯ ಗಾಳಿ ಹಿತವಾಗಿ ಬರುತ್ತಿತ್ತು.

"ಏಳೋ ಮುದುಕಾ, ಜಾಗ ಬಿಡು!" ಎಂದು ಪಿಸುಗುಟ್ಟಿ ತೆಕ್ಲಾ ಅವನನ್ನು ಹೊರಳಿಸಿಯೇ ಎಬ್ಬಿಸಿದಳು.

ಹಿಟ್ಟಿನ ಪಾತ್ರೆ ನೆಲಮಾಳಿಗೆಯಿಂದ ಬಂದು ಹಾಸಿಗೆಯೇರಿತು, ಮೇಲೆ ಅವನದೇ ಕಂಬಳಿ. ಒಸ್ತಾಪ್ ಕುರ್ಚಿಯಲ್ಲಿ ಮೂಗು ಹಿಡಿದು ಕೂತ. ಇನ್ನೊಂದು ಮನೆಯ ರಿಪೇರಿಗೆ ಹೋಗಬೇಕಿದ್ದ ಫ್ರೀಸನ್ನೂ ಕಾಲ್ತೆಗೆಯಲಿಲ್ಲ. ಗಂಟೆಯೊಳಗೆ ಕಂಬಳಿ ಮೆಲ್ಲಗೆ ಮೇಲೇಳುವುದನ್ನು ಮೂವರೂ ಕಣ್ಣಾರೆ ಕಂಡರು. ತೆಕ್ಲಾಳ ಕಣ್ಣು ತುಂಬಿತು.

ಮಧ್ಯಾಹ್ನ ಅಡುಗೆಮನೆಯ ಒಲೆಯಿಂದ ಹೊರಬಂದ ಪಾಸ್ಕಾ ಒಂದು ಮೊಳ ಎತ್ತರ ಇತ್ತು. ಬಿಸಿ ರೊಟ್ಟಿ ಒಂದು ಕಡೆ ಕುಗ್ಗದಿರಲೆಂದು ಒಸ್ತಾಪನ ದಿಂಬಿನ ಮೇಲೆ ಮಲಗಿಸಿ, ಆರುವ ತನಕ ಮಗುವಿನಂತೆ ಹೊರಳಿಸಿದಳು. ಆರಿದ ಮೇಲೆ ಎತ್ತಿ ನಿಲ್ಲಿಸಿದಳು. ನೆಟ್ಟಗೆ ನಿಂತಿತು.

ಬೆಳಗಿನಿಂದ ಕಟ್ಟಿಟ್ಟಿದ್ದ ದನಿ ಆಗ ಹೊರಬಂತು. "ನಿಂತಿತು ಕಣ್ರೋ!" ಎಂದು ಅವಳು ಕೂಗಿದ್ದಕ್ಕೆ ಎದುರುಮನೆಯ ನಾಯಿ ಬೊಗಳಿತು. ಒಸ್ತಾಪ್ ನಿಶ್ಚಿಂತೆಯಿಂದ ಮೂರು ಸಲ ಸೀನಿದ.

"ದಿಂಬೆಲ್ಲಾ ಬೆಣ್ಣೆ ಮಾಡಿದ್ದೀಯಲ್ಲೇ, ನಾನು ತಲೆ ಎಲ್ಲಿಡ್ಲಿ?" ಎಂದ.

"ಎಲ್ಲಾದ್ರೂ ಇಡು. ಇನ್ನು ಈ ಮನೇಲಿ ಎಲ್ಲಿಟ್ರೂ ಬೆಚ್ಚಗಿರುತ್ತೆ" ಎಂದು ತೆಕ್ಲಾ ಅವನ ಬೋಳುತಲೆಗೆ ಮುತ್ತಿಟ್ಟಳು.