ಎಲ್ಲ ಠೀಕ್ ಇದೆ ಎಂದವರು

ಹೆಂಡತಿ ತೀರಿಕೊಂಡ ಮೇಲೆ ನಾನು ಮತ್ತೆ ಕೆಲಸಕ್ಕೆ ಹೋದಾಗ ರಿಜಿಸ್ಟ್ರಾರ್ ಸಾಹೇಬರು ನನಗೊಂದು ಹಗುರವಾದ ಕೆಲಸ ಕೊಟ್ಟರು. ನವಿಮುಂಬಯಿಯ ಒಂದು ಖಾಸಗಿ ವಿಶ್ವವಿದ್ಯಾಲಯದ ಆಫೀಸಿನಲ್ಲಿ ನಾನು ಹಿರಿಯ ಗುಮಾಸ್ತ. ರಜೆ, ಬಡ್ತಿಯ ಫೈಲುಗಳನ್ನೆಲ್ಲ ಸ್ವಲ್ಪ ದಿನ ಬೇರೆಯವರು ನೋಡಿಕೊಳ್ಳಲಿ, ನೀವು ನೌಕರರ ಸಮೀಕ್ಷೆ ಮಾಡಿ ಎಂದರು. ತಪಾಸಣೆಯ ಸಮಿತಿಯೊಂದು ಬರುವುದಿತ್ತು. ಕೆಲಸದ ಜಾಗದ ವಾತಾವರಣ ಹೇಗಿದೆ ಎಂದು ನೌಕರರನ್ನೇ ಕೇಳಿ ಬರೆದ ವರದಿ ಅವರಿಗೆ ಬೇಕಿತ್ತು. ಪ್ರೊಫೆಸರುಗಳು ಫೋನಿನಲ್ಲೇ ಉತ್ತರ ತುಂಬುತ್ತಾರೆ. ಉಳಿದವರ ಬಳಿ ನಾನೇ ಹೋಗಿ ಕೂತು ಕೇಳಬೇಕು. ಹೆಸರು ಬರೆಯುವಂತಿಲ್ಲ.

ಆಗಲಿ ಎಂದೆ. ಆ ದಿನಗಳಲ್ಲಿ ನಾನು ಎಲ್ಲದಕ್ಕೂ ಆಗಲಿ ಎನ್ನುತ್ತಿದ್ದೆ.

ಡೊಂಬಿವಲಿಯಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ಕೋಪರಖೈರಣೆ, ಇದು ನನ್ನ ದಿನದ ದಾರಿ. ನಡುವಿನ ದಿವಾ ಸ್ಟೇಷನ್ನಿನಲ್ಲಿ ಜನ ನುಗ್ಗುವಾಗ ಮೊದಲೆಲ್ಲ ಮೈ ಬಿಗಿಹಿಡಿದು ನಿಲ್ಲುತ್ತಿದ್ದೆ. ಈಗ ಅವರು ದೂಡಿದ ಕಡೆ ಹೋಗಿ ನಿಲ್ಲುತ್ತಿದ್ದೆ. ಯಾರಾದರೂ ಕಾಲು ತುಳಿದರೆ, ಅವರು ಸಾರಿ ಅಂದ ಮೇಲೆಯೇ ನನಗೆ ಗೊತ್ತಾಗುತ್ತಿದ್ದದ್ದು. ಅಳು ಬರಲಿಲ್ಲ. ಉಡುಪಿಯಿಂದ ಬಂದಿದ್ದ ಅತ್ತಿಗೆ, ಒಮ್ಮೆಯಾದರೂ ಅತ್ತುಬಿಡಿ ಎಂದಿದ್ದರು. ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಪ್ರಯತ್ನ ಮಾಡಿದೆ. ನೀರು ಬಕೆಟ್ ತುಂಬಿ ಹರಿಯಿತು, ಅಷ್ಟೇ.

ಮೊದಲು ಕೂತದ್ದು ನಮ್ಮ ಬಸ್ಸಿನ ಡ್ರೈವರನ ಜೊತೆ. ಕೆಲಸದ ವಾತಾವರಣ ಹೇಗಿದೆ ಎಂದು ಹಿಂದಿಯಲ್ಲಿ ಕೇಳಿದೆ. ಬಸ್ಸಿನ ಏಸಿ ಚೆನ್ನಾಗಿಯೇ ಇದೆ ಎಂದ. ಅದಲ್ಲ, ಮೇಲಿನವರು ನಿಮ್ಮನ್ನು ಗೌರವದಿಂದ ಕಾಣುತ್ತಾರಾ ಎಂದೆ. ಅವನು ನನ್ನ ಮುಖ ನೋಡಿ ದನಿ ತಗ್ಗಿಸಿ, ಎಲ್ಲ ಠೀಕ್ ಇದೆ ಸಾಹೇಬ್, ನಮ್ಮದೇನು ತೊಂದರೆ, ನೀವು ಆರೋಗ್ಯ ನೋಡಿಕೊಳ್ಳಿ ಎಂದ. ಅಕೌಂಟ್ಸ್‌ನವರೂ ಹಾಗೆಯೇ ಹೇಳಿದರು. ಪರೀಕ್ಷಾ ವಿಭಾಗದಲ್ಲಿ ಮೂಲೆಯಲ್ಲಿ ನಗುತ್ತಿದ್ದವರು ನನ್ನನ್ನು ಕಂಡು ಸುಮ್ಮನಾದರು, ಕುರ್ಚಿ ಒರೆಸಿ ಕೊಟ್ಟರು, ಚಹಾ ತರಿಸಿದರು. ಪ್ರತಿ ಪ್ರಶ್ನೆಗೂ ‘ಪೂರ್ತಿ ಒಪ್ಪುತ್ತೇನೆ’ ಎಂಬುದಕ್ಕೇ ಗುರುತು ಹಾಕಿಸಿದರು. ಸುಳ್ಳೆಂದು ನನಗೆ ತಿಳಿಯದೆ ಇರಲಿಲ್ಲ. ಅವರ ತಂಟೆ ತಕರಾರಿನ ಫೈಲುಗಳನ್ನು ಓದಿಕೊಂಡೇ ಮುದುಕನಾದವನು ನಾನು. ಆದರೂ ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡೆ. ಬೇಸರವೂ ಆಗಲಿಲ್ಲ.

ಲೈಬ್ರರಿಯ ಅಸಿಸ್ಟೆಂಟ್ ಮೇಡಂ ಅವರನ್ನು ಕೊನೆಗೆ ಇಟ್ಟುಕೊಂಡಿದ್ದೆ. ಕಲಬುರಗಿ ಕಡೆಯವರು, ಮನೆ ದಿವಾದಲ್ಲಿ. ಜಗಳಗಂಟಿ ಎಂದು ಆಫೀಸಿನಲ್ಲಿ ಹೆಸರು. ನಾನು ಹೋದಾಗ ಅವರು ಪುಸ್ತಕಗಳಿಗೆ ಚೀಟಿ ಅಂಟಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ. ನಾನೇ ಉಪಾಯ ಹೇಳಿದೆ: ಎಲ್ಲರೂ ಒಂದೇ ಉತ್ತರ ಕೊಟ್ಟಿದ್ದಾರೆ, ನಿಮ್ಮದನ್ನೂ ಹಾಗೇ ತುಂಬಿಬಿಡಲೇ?

ಅವರು ಅಂಟಿನ ಬಾಟಲಿ ಮುಚ್ಚಿದರು.

“ಸರ, ನಿಮ್ಮ ಮನ್ಯಾಗ ಆದದ್ದು ಕೇಳಿ ನನಗೂ ಭಾಳ ಸಂಕಟ ಆಗ್ಯದ. ಹಂಗಂತ ನನ್ನ ಅಡಚಣಿ ಎಲ್ಲಿ ಹೋಗ್ಯಾವ? ಕೂಡ್ರಿ. ಖರೇ ಬರಕೊಳ್ರಿ.”

ದನಿ ತಗ್ಗಿಸದೆ ನನ್ನೊಡನೆ ಮಾತಾಡಿದವರು ಅಷ್ಟು ದಿನಗಳಲ್ಲಿ ಅವರೊಬ್ಬರೇ. ಕೂತೆ.

ಲೈಬ್ರರಿ ರಾತ್ರಿ ಎಂಟರವರೆಗೆ ತೆರೆದಿರುತ್ತದೆ, ಆದರೆ ಆ ಮಹಡಿಯ ಹೆಂಗಸರ ಟಾಯ್ಲೆಟ್ಟಿಗೆ ಆಫೀಸು ಬಿಟ್ಟ ಕೂಡಲೇ ಬೀಗ. ಚಾವಿ ಕೆಳಗೆ ವಾಚ್‌ಮನ್ ಹತ್ತಿರ. ಪ್ರತಿ ಸಲವೂ ಇಳಿದು ಹೋಗಿ ಕೇಳಬೇಕು, ಅವನು ಗಡಿಯಾರ ನೋಡುತ್ತಾನೆ. ಅವರ ಕೋಣೆಯನ್ನು ಹಳೆಯ ಉತ್ತರಪತ್ರಿಕೆಗಳ ಕಟ್ಟುಗಳಿಗೆ ಬಿಟ್ಟುಕೊಟ್ಟು ಅವರನ್ನು ಕಪಾಟಿನ ಸಂದಿಗೆ ತಳ್ಳಿದ್ದಾರೆ. ಮೀಟಿಂಗಿನಲ್ಲಿ ಹೆಸರು ಹಿಡಿಯದೆ ‘ದಿವಾವಾಲಿ’, ಅಂದರೆ ದಿವಾದವಳು, ಎನ್ನುತ್ತಾರೆ. ಒಂದೊಂದನ್ನೇ ಹೇಳಿದರು, ನಾನು ಬರೆದೆ. ಹಾಳೆಯಲ್ಲಿ ಜಾಗ ಸಾಲದೆ ಹಿಂದೆ ತಿರುಗಿಸಿದೆ.

“ನೀವೂ ಕನ್ನಡದವರು. ಇಷ್ಟು ವರ್ಷ ನನ್ನ ಜೋಡಿ ಹಿಂದಿನೇ ಮಾತಾಡೀರಿ. ಅದನ್ನೂ ಬರೀರಿ” ಎಂದರು.

ಬರೆದೆ.

ಮುಗಿಸಿ ಏಳುತ್ತಿದ್ದಾಗ, ನಿಮ್ಮ ಹಾಳೆ ಯಾರು ತುಂಬುತ್ತಾರೆ ಎಂದು ಕೇಳಿದರು. ನನ್ನದೂ ಒಂದು ಇರಬೇಕೆಂದು ನನಗೆ ಹೊಳೆದಿರಲೇ ಇಲ್ಲ. ಅವರೇ ಖಾಲಿ ಹಾಳೆ ಎಳೆದುಕೊಂಡು ಪೆನ್ನು ಹಿಡಿದರು. ‘ಇಲ್ಲಿ ನನ್ನ ಮಾತು ಕೇಳುವವರಿದ್ದಾರೆ’, ಒಪ್ಪುತ್ತೀರಾ? ಎಷ್ಟೋ ಜನರಿಗೆ ಓದಿ ಹೇಳಿದ ಪ್ರಶ್ನೆ ಅದು. ಅವರು ಕಾದು, ‘ಹೇಳಲಾಗದು’ ಎಂಬಲ್ಲಿ ಗುರುತು ಹಾಕಿದರು. ಮುಂದಿನದಕ್ಕೂ ಅದೇ. ‘ಕೆಲಸ ಮುಗಿಸಿ ನೆಮ್ಮದಿಯಿಂದ ಮನೆಗೆ ಮರಳುತ್ತೇನೆ’ ಎಂಬಲ್ಲಿಗೆ ಬಂದಾಗ ನಾನು ಬಾಯಿಬಿಟ್ಟೆ.

“ಮನೆಗೆ ಹೋಗ್ತೇನೆ ಮೇಡಂ. ಅಷ್ಟು ಗೊತ್ತು.”

ಅವರು ಪೆನ್ನು ಕೆಳಗಿಟ್ಟು, ಹೇಗಾಯಿತು ಎಂದು ಕೇಳಿದರು. ಆಫೀಸಿನಲ್ಲಿ ಯಾರೂ ಕೇಳಿರಲಿಲ್ಲ. ಹೇಳಿದೆ. ಹೆಂಡತಿ ಕಲ್ಯಾಣದ ಬ್ಯಾಂಕಿಗೆ ಹೋಗಿದ್ದಳು. ಟೋಕನ್ ಹಿಡಿದು ಕುರ್ಚಿಯಲ್ಲಿ ಕೂತವಳು ನಂಬರು ಕರೆದಾಗ ಏಳಲಿಲ್ಲ. ಅವಳ ಫೋನಿನಿಂದಲೇ ಯಾರೋ ನನಗೆ ಕರೆ ಮಾಡಿದರು.

“ಆವಾಗ ನೀವೆಲ್ಲಿದ್ರಿ?”

“ಇಲ್ಲೇ, ಕೆಳಗೆ. ಊಟದ ಡಬ್ಬಿ ತೆರೆದಿದ್ದೆ. ಮುಚ್ಚಿಟ್ಟು ಹೊರಟೆ.”

ಅವರು ಸಮಾಧಾನದ ಮಾತೇನೂ ಆಡಲಿಲ್ಲ. ಆಮೇಲೆ ಒಬ್ಬಳು ವಿದ್ಯಾರ್ಥಿನಿ ಪುಸ್ತಕ ಹಿಂದಿರುಗಿಸಲು ಬಂದಳು, ಅವರು ಎದ್ದು ಹೋದರು.

ಮರುದಿನ ನಾನು ಮತ್ತೆ ಡ್ರೈವರನ ಬಳಿ ಹೋದೆ. ಮೊದಲಿನ ಹಾಳೆ ಹರಿದುಹಾಕಿದ್ದೇನೆ, ನನ್ನ ಮುಖ ನೋಡದೆ ಹೇಳು ಎಂದೆ. ಅವನು ಬಸ್ಸಿನ ಮೆಟ್ಟಿಲ ಮೇಲೆ ಕೂತು, ಗೇಟಿನ ಕಡೆ ನೋಡುತ್ತ, ರಜೆಯ ದಿನಗಳಲ್ಲಿ ಟ್ರಸ್ಟಿಗಳ ಮನೆಯ ಕಾರು ಓಡಿಸಬೇಕಾದ ವಿಚಾರ ಶುರುಮಾಡಿದ. ಅಕೌಂಟ್ಸ್‌ನವರು ಮೊದಲು ಹಿಂಜರಿದರು, ಆಮೇಲೆ ಒಬ್ಬರ ಮಾತಿನ ಮೇಲೆ ಒಬ್ಬರು ಮಾತಾಡಿದರು. ನನಗೆ ಉತ್ಸಾಹ ಬಂತೆಂದಲ್ಲ. ಕೆಲಸ ಇತ್ತು, ಮಾಡಿದೆ.

ರಿಜಿಸ್ಟ್ರಾರ್ ಸಾಹೇಬರು ವರದಿ ತಿರುವಿ, ಹೋದ ವಾರ ನೀವು ತೋರಿಸಿದ್ದು ಇದಕ್ಕಿಂತ ಚೆನ್ನಾಗಿತ್ತಲ್ಲ ಎಂದರು. ಹೋದ ವಾರ ಎಲ್ಲರೂ ನನ್ನ ಮುಖ ನೋಡಿ ಉತ್ತರ ಕೊಟ್ಟಿದ್ದರು ಸರ್ ಎಂದೆ. ಸಾಹೇಬರಿಗೆ ಅರ್ಥವಾಯಿತೋ ಇಲ್ಲವೋ, ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಸಮಿತಿಗೆ ಹೋದ ಪ್ರತಿಯಲ್ಲಿ ಎಷ್ಟು ಉಳಿಯಿತೋ ನಾನು ಕೇಳಲಿಲ್ಲ. ಲೈಬ್ರರಿ ಮಹಡಿಯ ಬೀಗ ಮಾತ್ರ ಹೋಯಿತು. ಮೇಡಂ ಇನ್ನೂ ಕಪಾಟಿನ ಸಂದಿಯಲ್ಲೇ ಕೂರುತ್ತಾರೆ.

ವರದಿ ಕೊಟ್ಟ ವಾರವೇ ಒಂದು ಸಂಜೆ ಮಗಳಿಗೆ ಊಟ ಬಡಿಸಿದೆ. ಅವಳು ಹನ್ನೊಂದನೆಯ ತರಗತಿ. ತಾಯಿ ತುಳುವಿನಲ್ಲಿ ಏನು ಕೇಳಿದರೂ ಮರಾಠಿಯಲ್ಲೇ ಉತ್ತರಿಸುತ್ತಿದ್ದವಳು. ನಾನು ಅಡುಗೆಗೆ ನಿಂತಂದಿನಿಂದ ಊಟ ಹೇಗಿದೆ ಎಂದರೆ ‘ಠೀಕ್ ಆಹೆ ಪಪ್ಪಾ’ ಎಂದು ತಟ್ಟೆ ಖಾಲಿ ಮಾಡಿ ಎದ್ದುಬಿಡುತ್ತಿದ್ದಳು. ಅಂದು ಬಡಿಸಿ ನಾನು ಎದುರಿಗೇ ಕೂತೆ. ಸರಿಯಾಗಿ ಹೇಳು, ನನಗೇನೂ ಆಗಿಬಿಡುವುದಿಲ್ಲ ಎಂದೆ.

ಅವಳು ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದಳು.

“ಸಾರ್‌ಗ್ ಉಪ್ಪೇ ಇಜ್ಜಿ” ಎಂದಳು ತುಳುವಿನಲ್ಲಿ, ಸಾರಿಗೆ ಉಪ್ಪೇ ಇಲ್ಲ ಎಂದು. ಯಾವ ದಿನವೂ ಉಪ್ಪು ಇರಲಿಲ್ಲ ಎಂದು ಸೇರಿಸಿದ್ದು ಮಾತ್ರ ಮರಾಠಿಯಲ್ಲಿ.

ನಾನು ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಉಪ್ಪಿದೆಯೋ ಇಲ್ಲವೋ ನನ್ನ ನಾಲಿಗೆಗೆ ತಿಳಿಯಲಿಲ್ಲ. ಎದ್ದು ಒಳಗಿನಿಂದ ಡಬ್ಬ ತಂದೆ. ಎಷ್ಟು ಹಾಕಲಿ ಎಂದು ಕೇಳಿದೆ. ಅವಳು ನನ್ನ ಕೈಯಿಂದ ಡಬ್ಬ ತೆಗೆದುಕೊಂಡು ತಾನೇ ಹಾಕಿ ಕಲಸಿ, ನನ್ನ ತಟ್ಟೆಗೂ ಬಡಿಸಿದಳು.