ಬಿಗಿಯಾದ ದಾರ

ಪಕ್ಕದ ಮನೆಯ ಟೈಲರ್ ಮಾವನ ಬಾಯಿ ಅಂದರೆ ಬೀದಿಗೆಲ್ಲ ಭಯ. ಅಂಗಿಯ ಕಾಜಾ ಒಂದೆಳೆ ಓರೆಯಾದರೂ ಸಾಕು, ಜೊತೆಗೆ ಕೂತು ಹೊಲಿಯುವ ಅತ್ತೆಯ ಜನ್ಮ ಜಾಲಾಡುತ್ತಿದ್ದರು.

ಮಷೀನು ತುಳಿಯುವ ಮಾವನ ಕಾಲಿಗೆ ಹುಣ್ಣಾಗಿ, ವರ್ಷವೆರಡಾದರೂ ಅದು ಮಾಯದೆ ಹೋದ ಮೇಲೆ ಆ ಬಾಯಿಗೆ ಬೀಗ ಬಿತ್ತು. ತನ್ನಿಂದ ವಾಸನೆ ಬರುತ್ತದೆಂದು ಒಳಕೋಣೆ ಸೇರಿ, ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಬ್ಯಾಂಡೇಜ್ ಬದಲಿಸುವ ನರ್ಸ್, "ಕಾಲಿಗಷ್ಟೇ ಅಲ್ಲಮ್ಮ, ಮನಸ್ಸಿಗೂ ಹತ್ತಿದೆ. ಇದು ಖಿನ್ನತೆ. ಡಾಕ್ಟರಿಗೆ ತೋರಿಸಿ, ಮಾತಾಡಿಸ್ತಾ ಇರಿ" ಅಂದಳು. ಮಾತ್ರೆಯೇನೋ ಶುರುವಾಯಿತು. ಮಾವ ಮಾತ್ರ ತುಟಿ ಬಿಚ್ಚಲಿಲ್ಲ.

"ಬೈಸಿಕೊಳ್ಳದೆ ಮನೆ ಬಿಕೋ ಅನ್ಸುತ್ತೆ ಕಣೇ" ಎಂದು ಅತ್ತೆ ನನ್ನೆದುರು ನಗಲು ನೋಡಿದರು.

ಮೊನ್ನೆ ನನ್ನ ದಿಂಬಿನ ಕವರ್ ಹೊಲಿಯಲು ಅತ್ತೆಯೇ ಮಷೀನಿಗೆ ಕೂತರು. ನಾಲ್ಕು ಹೊಲಿಗೆ ಬೀಳುವಷ್ಟರಲ್ಲಿ ದಾರ ತುಂಡಾಯಿತು. ಪೋಣಿಸಿ ತುಳಿದರೆ ಮತ್ತೆ ತುಂಡು. ಇನ್ನೊಮ್ಮೆ ತುಂಡಾದಾಗ ಒಳಗಿನಿಂದ ಗುಡುಗು ಬಂತು.

"ಥೂ, ಕಿವುಡಾ ನಿಂಗೆ? ಆ ಸದ್ದು ಕೇಳಿದ್ರೆ ಗೊತ್ತಾಗಲ್ವಾ? ದಾರ ಬಿಗಿಯಾಗಿದೆ, ತಿರುಪು ಸಡಿಲ ಮಾಡೇ! ಇಷ್ಟು ವರ್ಷ ನನ್ನ ಜೊತೆ ಇದ್ದು ಕಲಿತಿದ್ದು ಇದೇನಾ?"

ಅತ್ತೆ ಕಣ್ಣು ಮುಚ್ಚಿ, ಕೊನೆಯ ಬೈಗುಳದವರೆಗೂ ಕೇಳಿಸಿಕೊಂಡರು. ಆಮೇಲೆ ತಿರುಪು ಸಡಿಲಿಸಿ, ಕವರನ್ನು ಸರಾಗವಾಗಿ ಹೊಲಿದು ಕೊಟ್ಟರು.

ಬಾಗಿಲು ದಾಟುವಾಗ ತಿರುಗಿ ನೋಡಿದೆ. ನಾಳೆ ಹೊಲಿಯುವ ಬಟ್ಟೆಯನ್ನು ಮಷೀನಿನ ಮೇಲೆ ಮಡಿಸಿಟ್ಟು, ಅತ್ತೆ ತಿರುಪನ್ನು ಮತ್ತೆ ಬಿಗಿ ಮಾಡುತ್ತಿದ್ದರು.